ಬಹುಮತ ಬಾರದಿದ್ದರೆ ಅದು ಮತದಾರನ ತಪ್ಪಲ್ಲ

ಮಾನ್ಯ ಸಂಪಾದಕರೇ,

ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ ಹೋದಾಗಲೆಲ್ಲ, ಮತ ಎಣಿಕೆ ಮುಗಿದ ಸಂಜೆಯೊಳಗೆ ಒಂದೇ ಬಗೆಯ ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ‘ಜನ ಗೊಂದಲದಲ್ಲಿ ಮತ ಹಾಕಿದ್ದಾರೆ’, ‘ಯಾರಾದರೊಬ್ಬರಿಗೆ ಪೂರ್ತಿ ಕೊಡಬೇಕಿತ್ತು’, ‘ಈ ರಗಳೆಯೇ ಬೇಡ, ಇನ್ನೊಮ್ಮೆ ಚುನಾವಣೆ ನಡೆಸಿಬಿಡಲಿ’ ಎಂದು ಓದಿದವರು, ಓದದವರು, ಗೆದ್ದ ಪಕ್ಷದವರು, ಸೋತ ಪಕ್ಷದವರು ಎಲ್ಲರೂ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಪತ್ರಿಕೆಗಳು ‘ಅತಂತ್ರ ಜನಾದೇಶ’ ಎಂಬ ದಪ್ಪ ತಲೆಬರಹ ಹೊತ್ತು ಬರುತ್ತವೆ. ಸದನ ಅತಂತ್ರ ಎಂದರೆ ಒಪ್ಪಬಹುದು. ಆದರೆ ಜನಾದೇಶವೇ ಅತಂತ್ರ ಎಂದರೆ ನೆಲೆಯಿಲ್ಲದವನು, ಮನಸ್ಸು ಗಟ್ಟಿಯಿಲ್ಲದವನು ಮತದಾರ ಎಂದು ಹೇಳಿದಂತಾಗುತ್ತದೆ. ಈ ಮಾತಿಗೆ ನನ್ನ ಆಕ್ಷೇಪವನ್ನು ದಾಖಲಿಸಲು ಈ ಪತ್ರ ಬರೆಯುತ್ತಿದ್ದೇನೆ.

ಶಾಲಾ ಶಿಕ್ಷಕನಾಗಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವನು ನಾನು. ಬೆರಳಿಗೆ ಶಾಯಿ ಹಾಕಿಸಿಕೊಂಡ ಮತದಾರ ರಟ್ಟಿನ ಮರೆಯ ಹಿಂದೆ ಹೋಗುತ್ತಾನೆ, ನೀಲಿ ಗುಂಡಿ ಒತ್ತುತ್ತಾನೆ, ಚಿಹ್ನೆಯ ಪಕ್ಕದಲ್ಲಿ ಕೆಂಪು ದೀಪ ಹೊತ್ತುತ್ತದೆ. ಪಕ್ಕದ ಯಂತ್ರದ ಗಾಜಿನ ಹಿಂದೆ ಒಂದು ಚೀಟಿ 7 ಸೆಕೆಂಡು ಕಾಣಿಸಿ, ಕತ್ತರಿಸಿಕೊಂಡು ಪೆಟ್ಟಿಗೆಯೊಳಗೆ ಬೀಳುತ್ತದೆ. ಅಷ್ಟು ಹೊತ್ತು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದು, ಹೊರಗೆ ಬಂದ ಮೇಲೂ ‘ನಂದು ಸರಿಯಾಗಿ ಬಿತ್ತಾ ಸಾರ್?’ ಎಂದು ಕೇಳಿದ ವೃದ್ಧೆಯೊಬ್ಬರ ಮುಖ ನನಗೆ ಇನ್ನೂ ನೆನಪಿದೆ. ಆಕೆಯಲ್ಲಿ ಯಾವ ಗೊಂದಲವೂ ಇರಲಿಲ್ಲ. ಆಕೆ ಯಾರನ್ನು ಆರಿಸಬೇಕೆಂದಿದ್ದರೋ ಅವರ ಎದುರಿನ ಗುಂಡಿಯನ್ನು ಒತ್ತಿದ್ದರು. ಆ ಯಂತ್ರದಲ್ಲಿ ಅಭ್ಯರ್ಥಿಗಳ ಹೆಸರಿದೆ, ಕೊನೆಯಲ್ಲಿ ನೋಟಾ ಇದೆ. ‘ಯಾರಿಗೂ ಬಹುಮತ ಬೇಡ’ ಎಂಬ ಗುಂಡಿ ಇಲ್ಲ. ಒಬ್ಬೊಬ್ಬ ಮತದಾರನೂ ಖಚಿತವಾಗಿಯೇ ಮತ ಹಾಕಿದ್ದರೂ ಕ್ಷೇತ್ರಗಳ ಲೆಕ್ಕವನ್ನು ಕೂಡಿಸಿದಾಗ ಯಾರಿಗೂ ಅರ್ಧ ದಾಟದೆ ಇರಬಹುದು. ಅದು ಒಟ್ಟು ಸಮಾಜದ ಅಭಿಪ್ರಾಯ ಹಂಚಿಹೋಗಿರುವುದರ ಚಿತ್ರ. ಒಬ್ಬ ವ್ಯಕ್ತಿಯ ತಲೆಯೊಳಗಿನ ಗೊಂದಲವಲ್ಲ.

2018ರ ಮೇ ತಿಂಗಳ ನಮ್ಮ ವಿಧಾನಸಭೆಯ ಲೆಕ್ಕವನ್ನೇ ನೋಡಬಹುದು. ಅಂದು ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಸ್ಥಾನ ಗೆದ್ದವು. ಮತಗಳ ಪ್ರಮಾಣದಲ್ಲಾದರೋ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಶೇ 36, ಜೆಡಿಎಸ್‌ಗೆ ಶೇ 18 ಬಂದಿತ್ತು. ಹೆಚ್ಚು ಮತ ಪಡೆದವರಿಗೆ ಕಡಿಮೆ ಸ್ಥಾನ, ಕಡಿಮೆ ಮತ ಪಡೆದವರಿಗೆ ಹೆಚ್ಚು ಸ್ಥಾನ. ಇದರಲ್ಲಿ ‘ಜನ ಇವರಿಗೇ ಅಧಿಕಾರ ಕೊಟ್ಟಿದ್ದಾರೆ’ ಎಂದು ಎದೆ ತಟ್ಟಿ ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಆದರೂ ಮೂರೂ ಪಕ್ಷಗಳ ಬೆಂಬಲಿಗರು ಹಾಗೆಯೇ ಹೇಳಿದರು. ‘ಜನಾದೇಶ ನಮ್ಮದು, ಅದನ್ನು ಕದಿಯುತ್ತಿದ್ದಾರೆ’ ಎಂದು ಒಬ್ಬರು, ‘ನಿಮ್ಮನ್ನು ಜನ ತಿರಸ್ಕರಿಸಿದ್ದಾರೆ’ ಎಂದು ಇನ್ನೊಬ್ಬರು. ಶೇ 38 ಮತ ಪಡೆದ ಪಕ್ಷವನ್ನೂ ಉಳಿದ ಶೇ 62 ಜನ ಆರಿಸಿರಲಿಲ್ಲ ಎಂಬ ಸರಳ ಲೆಕ್ಕ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ನಮ್ಮ ಸಂವಿಧಾನ ಕೇಳುವುದು ಮಂತ್ರಿಮಂಡಲಕ್ಕೆ ವಿಧಾನಸಭೆಯ ವಿಶ್ವಾಸ ಇರಬೇಕೆಂದು ಮಾತ್ರ. ಒಂದೇ ಪಕ್ಷಕ್ಕೆ ಬಹುಮತ ಇರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಸೇರುವವರೆಗೆ ಅದರಲ್ಲಿ ರಾಜಕೀಯ ಪಕ್ಷ ಎಂಬ ಮಾತೇ ಇರಲಿಲ್ಲ. ಬಹುಮತ ಯಾರಿಗಿದೆ ಎಂಬುದು ರಾಜಭವನದಲ್ಲಲ್ಲ, ಸದನದಲ್ಲಿ ತೀರ್ಮಾನವಾಗಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ. ಅಂದಮೇಲೆ ಯಾರಿಗೂ ಬಹುಮತ ಬಾರದ ಫಲಿತಾಂಶ ವ್ಯವಸ್ಥೆಯ ವೈಫಲ್ಯವಲ್ಲ. ವ್ಯವಸ್ಥೆ ಅದಕ್ಕೂ ಸಿದ್ಧವಾಗಿಯೇ ಇದೆ.

ಅಂಥ ಸದನ ಕೆಲಸ ಮಾಡಲಾರದು ಎನ್ನುವವರಿಗೆ ನಾನು 1983ರ ವಿಧಾನಸಭೆಯನ್ನು ನೆನಪಿಸಲು ಬಯಸುತ್ತೇನೆ. ಅಂದು ಜನತಾ ಪಕ್ಷಕ್ಕೆ ಸಿಕ್ಕಿದ್ದು 95 ಸ್ಥಾನ. 224 ಸದಸ್ಯರ ಸದನದಲ್ಲಿ ಬಹುಮತಕ್ಕೆ 18 ಕಡಿಮೆ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಪ್ರತಿಯೊಂದು ಮಸೂದೆಗೂ ಇನ್ನೊಬ್ಬರ ಒಪ್ಪಿಗೆ ಪಡೆಯಬೇಕಾಗಿದ್ದ ಆ ಅಲ್ಪಮತದ ಸರ್ಕಾರದ ಕಾಲದಲ್ಲಿಯೇ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು ರೂಪುಗೊಂಡಿತು, 1984ರ ಲೋಕಾಯುಕ್ತ ಕಾಯ್ದೆಯೂ ಬಂತು. ನಂತರ ಬಂದ ಎಷ್ಟೋ ಬಹುಮತದ ಸರ್ಕಾರಗಳ ಹೆಸರಿನಲ್ಲಿ ಇಷ್ಟು ದೂರ ಸಾಗಿಬಂದ ಎರಡು ಕಾನೂನುಗಳನ್ನು ಹೇಳುವುದು ಕಷ್ಟ. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ತಮ್ಮ ಪಕ್ಷಕ್ಕೆ ಬರೀ 4 ಬಂದಾಗ, ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರಲ್ಲಿ ಅದೇ ಮತದಾರರು ಆ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಎರಡು ವರ್ಷ ನೋಡಿ, ತೂಗಿ, ಆಮೇಲೆ ಪೂರ್ತಿ ಕೊಟ್ಟ ಈ ಜನರನ್ನು ಗೊಂದಲದವರು ಎಂದು ಹೇಗೆ ಕರೆಯುವುದು?

ತೊಂದರೆ ಇರುವುದು ಫಲಿತಾಂಶದಲ್ಲಲ್ಲ, ಫಲಿತಾಂಶದ ಮರುದಿನದಿಂದ ನಡೆಯುವ ವ್ಯವಹಾರದಲ್ಲಿ. 2018ರ ಮೇ 16ರ ನಡುರಾತ್ರಿ ದಾಟಿದ ಮೇಲೆ, ರಾಜ್ಯಪಾಲರು ಬಿಜೆಪಿಯನ್ನು ಸರ್ಕಾರ ರಚನೆಗೆ ಕರೆದದ್ದನ್ನು ಪ್ರಶ್ನಿಸಿದ ಅರ್ಜಿಗಾಗಿ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು, ಬೆಳಗಿನ ಜಾವದವರೆಗೆ ವಿಚಾರಣೆ ನಡೆಯಿತು. ಅಂದೇ ಬೆಳಿಗ್ಗೆ ಬಿಜೆಪಿಯ ಯಡಿಯೂರಪ್ಪನವರ ಪ್ರಮಾಣವಚನವಾಯಿತು. ರಾಜ್ಯಪಾಲರು ಬಹುಮತ ಸಾಬೀತಿಗೆ ಕೊಟ್ಟಿದ್ದ 15 ದಿನಗಳನ್ನು ನ್ಯಾಯಾಲಯ ಒಂದೇ ದಿನಕ್ಕೆ ಇಳಿಸಿದ ಮೇಲೆ, 19ರಂದು ಮತಕ್ಕೆ ಹಾಕುವ ಮುನ್ನವೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ನಂತರ ಬಂದ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ 14 ತಿಂಗಳು ನಡೆದು, 2019ರ ಜುಲೈ 23ರಂದು 99–105ರಲ್ಲಿ ಬಿತ್ತು. ನಾವು ಆರಿಸಿದವರು ಬಸ್ಸಿನಲ್ಲಿ ಕುಳಿತು ಬೇರೆ ರಾಜ್ಯದ ಹೋಟೆಲುಗಳಿಗೆ ಹೋಗಿದ್ದನ್ನೂ, ಕಿಟಕಿಯ ಪರದೆ ಎಳೆದುಕೊಂಡಿದ್ದನ್ನೂ ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅದನ್ನು ನೋಡಿ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಆ ಪರದೆಯ ಹಿಂದೆ ಕುಳಿತಿದ್ದವರನ್ನು ಅಲ್ಲಿಗೆ ಕಳುಹಿಸಿದ್ದು ‘ನಂದು ಸರಿಯಾಗಿ ಬಿತ್ತಾ’ ಎಂದು ಕೇಳಿದಂಥ ಲಕ್ಷಾಂತರ ಜನರ ಮತ.

ಇಲ್ಲಿ ಮತದಾರರಾಗಿ ನಮ್ಮ ಪಾಲಿನ ಹೊಣೆಯನ್ನೂ ಮರೆಮಾಚಬಾರದು. ಆ ಮೈತ್ರಿ ಸರ್ಕಾರದ ಕೈಬಿಟ್ಟ 17 ಶಾಸಕರನ್ನು ಅಂದು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಆದರೆ ಮತ್ತೆ ಸ್ಪರ್ಧಿಸಬಹುದು ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ, ಪಕ್ಷ ಬದಲಿಸಿ ನಿಂತ 13 ಮಂದಿಯಲ್ಲಿ 11 ಮಂದಿ ಗೆದ್ದರು. ಅವರವರ ಕ್ಷೇತ್ರದ ಜನರಿಗೆ ಅವರವರ ಕಾರಣಗಳಿರುತ್ತವೆ, ಆ ತೀರ್ಪನ್ನೂ ನಾನು ಗೌರವಿಸುತ್ತೇನೆ. ಆದರೆ ಒಂದು ಚಿಹ್ನೆಯಲ್ಲಿ ಗೆದ್ದು ನಡುವೆ ಬಿಟ್ಟುಹೋದದ್ದಕ್ಕೆ ಯಾವ ಬೆಲೆಯೂ ಇಲ್ಲ ಎಂಬ ಧೈರ್ಯವನ್ನು ಮುಂದಿನವರಿಗೆ ಕೊಟ್ಟವರು ನಾವೇ ಅಲ್ಲವೇ? ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ನಮ್ಮಲ್ಲೇ ಇದೆ. 2004ರಲ್ಲಿ ಯಾರಿಗೂ ಬಹುಮತ ಬಾರದೆ, 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ನಡುವೆ ತಲಾ 20 ತಿಂಗಳ ಅಧಿಕಾರ ಹಂಚಿಕೆಯ ಮಾತಾಗಿ, 2007ರ ಅಕ್ಟೋಬರಿನಲ್ಲಿ ಜೆಡಿಎಸ್ ಅಧಿಕಾರ ಬಿಟ್ಟುಕೊಡದೆ ಆ ಮಾತು ಮುರಿದಾಗ ‘ವಚನಭ್ರಷ್ಟ’ ಎಂಬ ಪದ ರಾಜ್ಯದ ಮೂಲೆಮೂಲೆಯಲ್ಲೂ ಕೇಳಿಸಿತು. 2004ರಲ್ಲಿ 58 ಸ್ಥಾನ ಗೆದ್ದಿದ್ದ ಜೆಡಿಎಸ್ 2008ರಲ್ಲಿ 28ಕ್ಕೆ ಇಳಿಯಿತು. ಮಾತು ಏನಿತ್ತು ಎಂಬುದು ಜನರಿಗೆ ತಿಳಿದಿದ್ದರಿಂದಲೇ ಅದು ಮುರಿದಾಗ ಜನ ತೀರ್ಪು ಕೊಡಲು ಸಾಧ್ಯವಾಯಿತು.

‘ಇನ್ನೊಮ್ಮೆ ಚುನಾವಣೆ’ ಎಂಬ ಬೇಡಿಕೆಯ ಬಗ್ಗೆಯೂ ಒಂದು ಮಾತು. ಬಿಹಾರದಲ್ಲಿ 2005ರ ಫೆಬ್ರವರಿಯ ಫಲಿತಾಂಶದಲ್ಲಿ ಯಾರಿಗೂ ಬಹುಮತ ಬರದೆ, ಆ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಮರುಚುನಾವಣೆಯಲ್ಲಿ ಬಹುಮತ ಬಂತು ನಿಜ. ಆದರೆ ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸ್ಪೇನಿನಲ್ಲಿ 2015ರ ಡಿಸೆಂಬರಿನ ಚುನಾವಣೆಯನ್ನು 2016ರ ಜೂನಿನಲ್ಲಿ ಮತ್ತೆ ನಡೆಸಿದರೂ ಬಹುಮತ ಯಾರಿಗೂ ಬರಲಿಲ್ಲ. ಇಸ್ರೇಲ್ 2019ರಿಂದ 2022ರ ನಡುವೆ ಐದು ಬಾರಿ ಮತಗಟ್ಟೆಗೆ ಹೋಯಿತು. ಪ್ರಶ್ನೆಪತ್ರಿಕೆ ಅದೇ ಇಟ್ಟು ಉತ್ತರ ಬೇರೆ ಬರಲಿ ಎಂದು ಜನರನ್ನು ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲಿಸುವುದು ಅವರ ಮೊದಲ ಉತ್ತರಕ್ಕೆ ಮಾಡುವ ಅವಮಾನ.

ಬೆಲ್ಜಿಯಂನಲ್ಲಿ 2010ರ ಚುನಾವಣೆಯ ನಂತರ ಸರ್ಕಾರ ರಚನೆಗೆ 541 ದಿನ ಹಿಡಿಯಿತು. ಅಲ್ಲಿನ ಜನ ತಮ್ಮನ್ನು ತಾವು ಬೈದುಕೊಳ್ಳಲಿಲ್ಲ. 2011ರ ಜನವರಿಯಲ್ಲಿ ಸಾವಿರಾರು ಮಂದಿ ಬ್ರಸೆಲ್ಸ್ ಬೀದಿಗಿಳಿದು, ಕೂತು ಮಾತಾಡಿ ಸರ್ಕಾರ ಮಾಡದ ನಾಯಕರಿಗೆ ನಾಚಿಕೆಯಾಗಬೇಕು ಎಂದರು. ಸಿಟ್ಟು ತಲುಪಬೇಕಾದ ಜಾಗ ಅದು. ಬ್ರಿಟನ್ನಿನಲ್ಲಿ 2010ರ ಮೇ 6ರಂದು ಮತದಾನ ನಡೆದು ಯಾರಿಗೂ ಬಹುಮತ ಬರದಿದ್ದಾಗ, ಎರಡು ಪಕ್ಷಗಳು ಎರಡೇ ವಾರಗಳಲ್ಲಿ ತಮ್ಮ ಮೈತ್ರಿಯ ಪೂರ್ಣ ಕಾರ್ಯಕ್ರಮವನ್ನು ಅಚ್ಚು ಹಾಕಿಸಿ ಜನರ ಮುಂದಿಟ್ಟವು. ವಿಶ್ವವಿದ್ಯಾಲಯದ ಶುಲ್ಕ ಏರಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ನಂತರ ಅದರಿಂದ ಸರಿದ ಚಿಕ್ಕ ಪಕ್ಷ 2015ರಲ್ಲಿ 57 ಸ್ಥಾನದಿಂದ 8ಕ್ಕೆ ಕುಸಿಯಿತು. ಜರ್ಮನಿಯಲ್ಲಿ 2018ರಲ್ಲಿ ಸೋಷಿಯಲ್ ಡೆಮಾಕ್ರಾಟ್ ಪಕ್ಷ ಮೈತ್ರಿ ಒಪ್ಪಂದವನ್ನು ತನ್ನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಅಂಚೆಯಲ್ಲಿ ಕಳುಹಿಸಿ ಮತ ಕೇಳಿತು, ಮತ ಹಾಕಿದವರಲ್ಲಿ ಶೇ 66ರಷ್ಟು ಮಂದಿ ಒಪ್ಪಿದ ಮೇಲೆಯೇ ಸರ್ಕಾರ ಸೇರಿತು. ನಮ್ಮಲ್ಲಿ ಮೈತ್ರಿಯಾದಾಗ ಸಾಮಾನ್ಯ ಕಾರ್ಯಕ್ರಮ ಎಂಬ ಹೆಸರಿನ ನಾಲ್ಕಾರು ಅಂಶಗಳು ಹೊರಬೀಳುತ್ತವೆ. ಯಾವ ಖಾತೆ ಯಾರಿಗೆ ಎಂಬ ಚರ್ಚೆಗೆ ಹೋಗುವ ಹತ್ತರಲ್ಲೊಂದು ಪಾಲು ಸಮಯವೂ ಅದಕ್ಕೆ ಸಿಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ಮತ್ತು ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದೆ ಯಾವುದೇ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ, ನಾವು ನಮ್ಮ ಶಾಸಕರನ್ನು ‘ಯಾರ ಜೊತೆ ಹೋಗುತ್ತೀರಿ’ ಎಂದು ಕೇಳುವುದರ ಜೊತೆಗೆ ‘ಯಾವ ಷರತ್ತಿನ ಮೇಲೆ ಹೋಗುತ್ತೀರಿ, ಬರೆದುಕೊಡಿ’ ಎಂದು ಕೇಳೋಣ; ಪಕ್ಷಗಳು ಪರಸ್ಪರ ಕೊಟ್ಟ ಬೆಂಬಲದ ಪತ್ರ, ಅಧಿಕಾರ ಹಂಚಿಕೆಯ ಅವಧಿ, ಒಪ್ಪಿದ ಮತ್ತು ಕೈಬಿಟ್ಟ ಪ್ರಣಾಳಿಕೆಯ ಭರವಸೆಗಳು ವಿಶ್ವಾಸಮತಕ್ಕೆ ಮುನ್ನವೇ ಬಹಿರಂಗವಾಗಲಿ ಎಂದು ಒತ್ತಾಯಿಸೋಣ. ಪತ್ರಿಕೆಯಾದ ತಾವು ಆ ಒಪ್ಪಂದ ಸಿಕ್ಕ ದಿನ ಅದರ ಸಾರಾಂಶವನ್ನಲ್ಲ, ಪೂರ್ಣ ಪಾಠವನ್ನೇ ಪ್ರಕಟಿಸಿ. ಸಿಗದಿದ್ದರೆ, ಕೇಳಿದರೂ ಕೊಡಲಿಲ್ಲ ಎಂದು ಮುಖಪುಟದಲ್ಲಿ ಬರೆಯಿರಿ. ಮತ್ತು ಎಣಿಕೆಯ ಮರುದಿನದ ತಲೆಬರಹದಲ್ಲಿ ‘ಅತಂತ್ರ’ ಎಂಬ ವಿಶೇಷಣವನ್ನು ಸದನಕ್ಕೆ ಬಳಸಿ. ದಯವಿಟ್ಟು ಜನಾದೇಶಕ್ಕೆ ಬಳಸಬೇಡಿ.

ಇಂತಿ,
ನಿವೃತ್ತ ಶಿಕ್ಷಕ, ತಮ್ಮ ಪತ್ರಿಕೆಯ ಓದುಗ