ಚಂದ್ರನ ದೂಳನ್ನು ಎಬ್ಬಿಸುವುದು ಗಾಳಿಯಲ್ಲ

ಮಾನ್ಯ ಸಂಪಾದಕರೇ,

ಚಂದ್ರನ ದೂಳಿನ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹವನ್ನು ಖುಷಿಯಿಂದ ಓದಿದೆ. ಆದರೆ 'ಚಂದ್ರನಲ್ಲಿ ದೂಳಿನ ಬಿರುಗಾಳಿ' ಎಂಬ ತಲೆಬರಹ ಸರಿಯಲ್ಲ. ಅಲ್ಲಿ ಗಾಳಿಯೇ ಇಲ್ಲ. ಆದರೂ ದೂಳು ನೆಲ ಬಿಟ್ಟು ಏಳುತ್ತದೆ, ವಿದ್ಯುತ್ತಿನ ಬಲದಿಂದ. ನಿಜವಾದ ಸೋಜಿಗ ಅದೇ ಅಲ್ವಾ?

ಒಣಹವೆ ಇರುವಾಗ ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿ, ಅದನ್ನು ಕಾಗದದ ಸಣ್ಣ ಚೂರುಗಳ ಮೇಲೆ ಹಿಡಿದು ನೋಡಿ. ಚೂರುಗಳು ಜಿಗಿದು ಅಂಟಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಕಾದರೆ ಒಂದೆರಡು ಚೂರು ಯಾರೋ ತಳ್ಳಿದ ಹಾಗೆ ಸಿಡಿದು ಬೀಳುತ್ತವೆ. ಬಾಚಣಿಗೆಯ ವಿದ್ಯುತ್ತೇ ಅವಕ್ಕೂ ಹತ್ತಿರುತ್ತದೆ. ಒಂದೇ ಬಗೆಯ ವಿದ್ಯುತ್ತು ಇರುವವು ಒಂದನ್ನೊಂದು ತಳ್ಳುತ್ತವೆ.

ಬಾಚಣಿಗೆಗೆ ಕೂದಲಿಗೆ ಉಜ್ಜಿ ವಿದ್ಯುತ್ತು ಹತ್ತಿತು; ಚಂದ್ರನಲ್ಲಿ ಆ ಕೆಲಸ ಬಿಸಿಲಿನದು. ಅತಿನೇರಳೆ ಕಿರಣ ಬಡಿದಾಗ ದೂಳಿನಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಕೆಲವು ಕಣಗಳ ನಡುವಿನ ಸಂದಿಯಲ್ಲೇ ಸಿಕ್ಕಿಕೊಂಡು ಪಕ್ಕದ ಕಣಗಳಿಗೆ ಋಣ ವಿದ್ಯುತ್ತು ತುಂಬುತ್ತವೆ. ಒತ್ತಿಕೊಂಡು ಕೂತ ಕಣಗಳು ಆಗ ಒಂದನ್ನೊಂದು ದೂಡುತ್ತವೆ, ಮೇಲಿನದು ಚಿಮ್ಮುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕಣಗಳು ಕೆಲವು ಸೆಂಟಿಮೀಟರ್ ಜಿಗಿದಿದ್ದವು. ಚಂದ್ರನ ಸೆಳೆತ ಭೂಮಿಯದರ ಆರನೇ ಒಂದು ಭಾಗ. ಅಲ್ಲಿ ಜಿಗಿತ ಇನ್ನೂ ಜಾಸ್ತಿ.

ಆದರೂ ಬರಹದಲ್ಲಿ ಹೇಳಿದಂತೆ ಹತ್ತಾರು ಕಿಲೋಮೀಟರ್ ಅಲ್ಲ. 1968ರಲ್ಲಿ ಚಂದ್ರನ ಮೇಲೆ ಇಳಿದಿದ್ದ ನಾಸಾದ ಸರ್ವೇಯರ್ 7 ನೌಕೆ ಸೂರ್ಯ ಮುಳುಗಿದ ಮೇಲೆ ತೆಗೆದ ಚಿತ್ರಗಳನ್ನು ನೋಡಿ. ಕಪ್ಪು ನೆಲ, ಕಪ್ಪು ಆಕಾಶ, ಎರಡೂ ಕೂಡುವಲ್ಲಿ ಬೆಳಕಿನ ತೆಳು ಗೆರೆ. ನೆಲದಿಂದ ಒಂದು ಮೀಟರ್ ಎತ್ತರದೊಳಗೇ ಇದ್ದ ದೂಳು ಬೆಳಕನ್ನು ಚದುರಿಸಿದ್ದರಿಂದ ಮೂಡಿದ ಗೆರೆ ಅದು ಎಂದು ವಿವರಿಸಲಾಗಿದೆ. ನನಗೆ ಆ ಗೆರೆಯನ್ನು ಎಷ್ಟು ನೋಡಿದರೂ ಸಾಲದು.

ತುಂಬ ಎತ್ತರದಲ್ಲೂ ದೂಳಿದೆ, ನಿಜ. ಆದರೆ ಅದರ ಮೂಲವೇ ಬೇರೆ. 2013ರಲ್ಲಿ ಹೋದ ನಾಸಾದ ಲ್ಯಾಡಿ ನೌಕೆ ಚಂದ್ರನ ಸುತ್ತ ತೀರಾ ತೆಳುವಾದ ದೂಳಿನ ಮೋಡ ಕಂಡಿತು. ಸಣ್ಣಪುಟ್ಟ ಉಲ್ಕಾಕಣಗಳು ನೆಲಕ್ಕೆ ಬಡಿದಾಗ ಎದ್ದದ್ದು ಅದು. ವಿದ್ಯುತ್ತು ಅಷ್ಟು ಮೇಲೆ ದೂಳನ್ನು ಎತ್ತುವ ಗುರುತು ಆ ನೌಕೆಗೆ ಸಿಗಲಿಲ್ಲ. ನಿಮ್ಮ ಬರಹದಲ್ಲಿ ಈ ಎರಡೂ ಬೆರೆತುಹೋಗಿವೆ. ದಯವಿಟ್ಟು ಒಂದು ತಿದ್ದುಪಡಿ ಹಾಕಿ.

ಇದು ಸುಮ್ನೆ ಪದಗಳ ತಕರಾರಲ್ಲ. ಗಾಜಿನ ಚೂರಿನಂತೆ ಮೊನಚಾದ ಆ ದೂಳು ಅಪೊಲೊ ಯಾತ್ರಿಗಳ ಉಡುಪಿಗೆ ಮೆತ್ತಿಕೊಂಡು ಬಂದು ಅವರಲ್ಲೊಬ್ಬರಾದ ಹ್ಯಾರಿಸನ್ ಶ್ಮಿಟ್ ಅವರ ಮೂಗು ಕಟ್ಟಿಸಿತ್ತು. 2025ರ ಮಾರ್ಚಿನಲ್ಲಿ ಚಂದ್ರನ ಮೇಲೆ ಇಳಿದ ಬ್ಲೂ ಘೋಸ್ಟ್ ನೌಕೆಯಲ್ಲಿದ್ದ ಸಾಧನವೊಂದು ಗಾಜಿನ ಮೇಲಿನ ದೂಳನ್ನು ವಿದ್ಯುತ್ತಿನಿಂದಲೇ ಕೊಡವಿ ಹಾಕಿತು. ಅದರ ಬಗ್ಗೆಯೂ ಒಂದು ಬರಹ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಓದುಗ