ಮಗಳಿಗೊಂದು ಪತ್ರ: ಮಳೆಯಲ್ಲಿ ಹೋದ ಕಾರು

ಸಕಲೇಶಪುರ
ಭಾನುವಾರ, ಬೆಳಗಿನ ಜಾವ

ಪುಟ್ಟೀ,

‘ತಲುಪಿದೆ’ ಅನ್ನೋ ನಿನ್ನ ಒಂದೇ ಪದದ ಮೆಸೇಜು ರಾತ್ರಿ ಎರಡೂಕಾಲಿಗೆ ಬಂತು. ನಾನು ಎದ್ದೇ ಇದ್ದೆ. ಏನು ಬರೀಬೇಕೋ ತಿಳೀದೆ ಹೆಬ್ಬೆರಳಿನ ಚಿತ್ರ ಒತ್ತಿದೆ. ಜಗಳ ಯಾಕಾಯ್ತು ಅಂತ ಬರೆಯೋಲ್ಲ. ಇಬ್ಬರಿಗೂ ಗೊತ್ತು, ಅಮ್ಮನಿಗೂ ಗೊತ್ತು, ನಾನು ಕೂಗಾಡಿದ್ದಕ್ಕೆ ಪಕ್ಕದ ಮನೆಗೂ ಗೊತ್ತಾಗಿರುತ್ತೆ.

ಆ ಮಳೆಯಲ್ಲಿ ನೀನು ಗೇಟು ದಾಟಿದ ಮೇಲೆ ನೆನಪಾದದ್ದು ಆ ಜರ್ಮನ್ ಸೀರಿಯಲ್ಲು. ನಗಬೇಡ. ಲಾಕ್‌ಡೌನಿನಲ್ಲಿ ನೀನು ಹಠ ಹಿಡಿದು ತೋರಿಸಿದ ‘ಡಾರ್ಕ್’. ಹುಡುಗ ಕಾಣೆಯಾದ, ಪೊಲೀಸರು ಹುಡುಕ್ತಿದ್ದಾರೆ, ಇನ್ನೇನು ಕಳ್ಳ ಸಿಕ್ಕಿಬೀಳ್ತಾನೆ ಅಂತ ನಾನು ಕೂತಿದ್ರೆ, ಆ ಹುಡುಗ 33 ವರ್ಷ ಹಿಂದಕ್ಕೆ, 1986ಕ್ಕೆ ಹೋಗಿಬಿಟ್ಟಿದ್ದ! ಹಳೇ ಕ್ಯಾಲೆಂಡರಿನ ಹಿಂಬದಿಗೆ ವಿಂಡನ್ ಊರಿನ ನಾಲ್ಕು ಮನೆತನಗಳ ವಂಶವೃಕ್ಷ ಬರೆದೆವಲ್ಲ, ಅದಿನ್ನೂ ಬೀರುವಿನಲ್ಲಿದೆ. ಎಲಿಸಬೆತ್ ಶಾರ್ಲೊಟೆಗೆ ಮಗಳೂ ಹೌದು, ತಾಯಿಯೂ ಹೌದು ಅನ್ನೋದು ನಿನಗೆ ಮೊದಲೇ ಹೊಳೆದಿತ್ತು. ಮೂವತ್ತು ವರ್ಷ ಗಣಿತ ಪಾಠ ಮಾಡಿದ ನನಗೆ ಹೊಳೀಲಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಒಳಗೊಳಗೇ ಬೀಗಿದ್ದೆ.

ಕೊನೆಯ ಸೀಸನ್ನು 2020ರ ಜೂನ್ 27ಕ್ಕೆ ಬಂತು, ಕತೆಯೊಳಗೆ ಪ್ರಳಯ ಆಗೋ ಅದೇ ತಾರೀಖಿಗೆ. ಮುಗಿದಾಗ ನೀನು ಅಳ್ತಿದ್ದೆ. ‘ಇಷ್ಟು ದೊಡ್ಡ ಗಂಟು ಹಾಕಿ ಇಷ್ಟು ಸಲೀಸಾಗಿ ಬಿಚ್ಚೋದು ಮೋಸ’ ಅಂದೆ ನಾನು. ‘ಗಂಟು ಇದ್ದದ್ದೇ ಅಲ್ಲಿ, ಅಪ್ಪಾ’ ಅಂದೆ ನೀನು.

ಎಲ್ಲಿ? 1971ರ ಮಳೆಯ ರಾತ್ರಿಯಲ್ಲಿ. ಗಡಿಯಾರ ರಿಪೇರಿ ಮಾಡೋ ಟಾನ್‌ಹೌಸ್‌ನ ಮಗ ಅಪ್ಪನ ಜೊತೆ ಜಗಳ ಆಡಿ ಹೆಂಡತಿ, ಮಗುವನ್ನು ಕಾರಲ್ಲಿ ಕೂರಿಸಿಕೊಂಡು ಹೊರಟ. ಸೇತುವೆ ಹತ್ತಿರ ಅಪಘಾತ, ಮೂವರೂ ಹೋದರು. ಅವರನ್ನು ವಾಪಸ್ ತರೋಕೆ ಟಾನ್‌ಹೌಸ್ ಕಾಲಯಂತ್ರ ಕಟ್ಟಿದ, ಒಂದು ಲೋಕ ಒಡೆದು ಎರಡಾಯ್ತು. ಕೊನೆಗೆ ಕತೆಯ ನಾಯಕ ಯೋನಾಸ್, ನಾಯಕಿ ಮಾರ್ತಾ ಹೋಗಿ ಆ ಕಾರಿಗೆ ಅಡ್ಡ ನಿಂತರು. ಮಗ ಮನೆಗೆ ತಿರುಗಿದ. ಒಡೆದ ಲೋಕಗಳೇ ಹುಟ್ಟಲಿಲ್ಲ, ಅಡ್ಡ ನಿಂತವರೇ ಇಲ್ಲವಾದರು.

ನಿನ್ನೆ ಒಂಬತ್ತೂವರೆಯಿಂದ ಎರಡೂಕಾಲಿನ ತನಕ ಆ ಕಾರು ನನ್ನ ತಲೆಯಲ್ಲಿ ಎಷ್ಟು ಸಲ ಹೊರಟಿತೋ. ಹೇಮಾವತಿ ಸೇತುವೆ ದಾಟಿರ್ತಾಳೆ. ಹಾಸನ ದಾಟಿರ್ತಾಳೆ. ಫೋನ್ ಮಾಡಿದರೆ ಓಡಿಸ್ತಾನೇ ತೆಗೀತಾಳೆ, ಬೇಡ. ಮಾಡದಿದ್ದರೆ? ಮತ್ತೆ ಸೇತುವೆಯಿಂದ ಶುರು. ಟಾನ್‌ಹೌಸ್ ಮಗನಿಗೆ ಏನಂದಿದ್ದ ಅನ್ನೋದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ನಾನಂದದ್ದು ಮಾತ್ರ ಚೆನ್ನಾಗಿ ನೆನಪಿತ್ತು.

‘ಹೋಗೋದಾದ್ರೆ ಹೋಗು’ ಅನ್ನಬಾರದಿತ್ತು. ಆ ಮಾತು ವಾಪಸ್ ತಗೊಂಡಿದ್ದೀನಿ. ಉಳಿದವನ್ನಲ್ಲ. ಅವು ಈಗಲೂ ಸರಿ ಅಂತಲೇ ನನಗನಿಸುತ್ತೆ.

ಹಾಗೇ ಇದನ್ನೂ ಕೇಳು. ರಾತ್ರಿ ಮಳೆಯಲ್ಲಿ ಒಬ್ಬಳೇ ಗಾಡಿ ತೆಗೀಬೇಡ. ಸಿಟ್ಟು ಬಂದರೆ ತಟ್ಟೆ ಎಸಿ, ಕೀ ಮುಟ್ಟಬೇಡ. ಹಿಂದಿನ ಎಡಗಡೆ ಟೈರು ಸವೆದು ನುಣ್ಣಗಾಗಿದೆ, ದೀಪಾವಳಿಗೆ ಬಂದಾಗಲೇ ಹೇಳಿದ್ದೆ. ಮೂವತ್ತು ದಾಟಿದವಳಿಗೆ ಇದನ್ನೆಲ್ಲ ಹೇಳಬಾರದು ಅಂತ ಅಮ್ಮ ಗೊಣಗ್ತಾಳೆ. ಯಾರು ಹೇಳಬೇಕು ಮತ್ತೆ?

ನಿನ್ನ ಮೆಸೇಜು ಬಂದ ಮೇಲೂ ನಿದ್ದೆ ಹತ್ತಲಿಲ್ಲ, ಕೊನೆಯ ಕಂತು ಮತ್ತೆ ಹಾಕಿದೆ. ಆ ಪೊಲೀಸಿನವ ವೊಲ್ಲರ್ ತನ್ನ ಕಣ್ಣಿಗೇನಾಯ್ತು ಅಂತ ಹೇಳೋಕೆ ಬಾಯಿ ತೆರೀತಾನೆ, ದೀಪ ಹೋಗುತ್ತೆ. ಮೂರು ಸೀಸನ್ ಕಾಯಿಸಿ ಅದೊಂದನ್ನು ಹೇಳದೆ ಬಿಟ್ಟರಲ್ಲ, ಭಲೇ! ಸಬ್‌ಟೈಟಲ್ಲು ಮಾತ್ರ ಓಡಿಹೋಗ್ತಿತ್ತು. ಮರೆತು ‘ಸ್ವಲ್ಪ ನಿಲ್ಸು ಪುಟ್ಟೀ’ ಅಂದೆ. ಅಮ್ಮ ಎದ್ದು ಬಂದು ನೋಡಿದಳು.

ಟೈರಿನ ದುಡ್ಡು ಕಳಿಸ್ತೀನಿ. ಬೇಡ ಅನ್ನಬೇಡ.

ಇಂತಿ,
ಅಪ್ಪ