ಹಂಪಿಯ ಕಾದಂಬರಿಗೆ ಕಾಲದ ಎಚ್ಚರ ಬೇಕು

ಮಾನ್ಯ ಸಂಪಾದಕರೆ,

ವಿಜಯನಗರವನ್ನು ಕಥಾಭೂಮಿಯಾಗಿ ಆರಿಸಿಕೊಳ್ಳುವ ಲೇಖಕರಲ್ಲಿ ಕೆಲವರು ಇಂದಿನ ಹಂಪಿಯನ್ನು ಸುತ್ತಿ ಬಂದು, ಕಂಡದ್ದನ್ನೆಲ್ಲ ಒಂದೇ ಕಾಲದ್ದೆಂಬಂತೆ ಬರೆದುಬಿಡುತ್ತಾರೆ. 1443ರಲ್ಲಿ ತೈಮೂರಿ ದೊರೆ ಶಾಹ್ ರುಖ್‌ನ ರಾಯಭಾರಿ ಅಬ್ದುರ್ ರಜಾಕ್ ಕಂಡದ್ದು ಇಮ್ಮಡಿ ದೇವರಾಯನ ನಗರವನ್ನು. ಉದಯಗಿರಿಯ ವಿಜಯದ ನಂತರ ಕೃಷ್ಣದೇವರಾಯ ಕಟ್ಟಿಸಿದ ಕೃಷ್ಣ ದೇವಾಲಯವಾಗಲಿ, 1510ರ ಶಾಸನ ಹೇಳುವ ವಿರೂಪಾಕ್ಷ ಗುಡಿಯ ರಂಗಮಂಟಪವಾಗಲಿ ಆಗ ಇರಲಿಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಮೆಣಸಿನಕಾಯಿಯೂ ದೇವರಾಯನ ಅಡುಗೆಮನೆಗೆ ಸಲ್ಲದು. ಖಾರಕ್ಕೆ ಕಾಳುಮೆಣಸೇ ಗತಿ.

ಅರಮನೆಗಳ ವಿಷಯದಲ್ಲಂತೂ ನಷ್ಟ ಕಾದಂಬರಿಯದೇ. ಈಗ ಉಳಿದಿರುವ ಕಲ್ಲಿನ ಜಗತಿಗಳ ಮೇಲೆ ಮರದ ಕಂಬ, ಮಾಡುಗಳಿದ್ದವು. 1565ರ ಯುದ್ಧದ ಬಳಿಕ ನಗರ ಸುಲಿಗೆಗೆ, ಬೆಂಕಿಗೆ ಸಿಕ್ಕಿ ಅವು ಅಳಿದುಹೋದವು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಗೋಡೆಯಿಂದ ಕಂಬದವರೆಗೆ ದಂತದಿಂದಲೇ ಅಲಂಕರಿಸಿ, ಕಮಲಗಳನ್ನು ಕೆತ್ತಿದ್ದ ಕೋಣೆಯೊಂದನ್ನು ವರ್ಣಿಸಿದ್ದಾನೆ. ಇಂಥ ವಿವರ ಕೈಗೆಟುಕುವಂತಿರುವಾಗ ರಾಣಿಯನ್ನು ಬೋಳು ಕಲ್ಲುಗಳ ನಡುವೆ ನಿಲ್ಲಿಸುವುದೇಕೆ?

ಪಾತ್ರಗಳನ್ನೂ ಅವರ ಮಾತುಗಳನ್ನೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಲೇಖಕರಿಗೆ ಇದ್ದೇ ಇದೆ. ಆದರೆ ಯಾವುದು ದಾಖಲೆ, ಯಾವುದು ಊಹೆ ಎಂಬುದನ್ನು ಪುಸ್ತಕದ ಕೊನೆಯಲ್ಲಿ ಒಂದೆರಡು ಪುಟಗಳಲ್ಲಿ ಮುದ್ರಿಸಬೇಕೆಂದು ಪ್ರಕಾಶಕರನ್ನು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಹೊಸಪೇಟೆ